ಕೂಸಿನ ಕೆಳಗೆ ಚಾಚಿದ ಕೈ

ಗಂಗವ್ವ ನೆಲದ ಮೇಲೆ ಕೂರುವಾಗ ತನ್ನ ಸೊಂಟದ ನೋವನ್ನು ಇಡೀ ಕೋಣೆಗೆ ಕೇಳುವಂತೆ ಬೈಯುತ್ತಿದ್ದಳು. "ಬಂದ್ಲು ನೋಡ್ರಿ ನನ್ನ ಸವತಿ! ಮನಿ ಬಿಟ್ಟು ಹೋಗು ಅಂದ್ರ ಹೋಗಂಗಿಲ್ಲ. ಅಡಗಿಮನಿ ಕೀಲಿ ಮಾತ್ರ ಆಕಿ ಕೈಯಾಗ ಕೊಡಬ್ಯಾಡ್ರಿ." ನಾವೆಲ್ಲ ನಗುತ್ತಿದ್ದೆವು, ನಮ್ಮ ನಮ್ಮ ಸೊಂಟ ಹಿಡಿದುಕೊಂಡೇ.

ಬೈಲಹೊಂಗಲದ ಒಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ವರ್ಷಗಟ್ಟಲೆ ನೋವು ವಾಸಿಯಾಗದ ನಮ್ಮಂಥವರನ್ನು ಪ್ರತಿ ಮಂಗಳವಾರ ಸೇರಿಸುತ್ತಿದ್ದರು. ನೋವು ಇದ್ದ ಹಾಗೆಯೇ ಕೂರುವುದು, ಏಳುವುದು, ಉಸಿರಾಡುವುದು ಹೇಗೆಂದು ವ್ಯಾಯಾಮದ ಮೇಡಂ ಕಲಿಸುತ್ತಿದ್ದರು. ಗಂಗವ್ವ ಎಂ.ಕೆ. ಹುಬ್ಬಳ್ಳಿಯಿಂದ ಬಸ್ಸಿಗೆ ಬರುತ್ತಿದ್ದಳು. ಕಬ್ಬು ಕಡಿದು ಕಡಿದು ಬಾಗಿದ ಬೆನ್ನು ಆಕೆಯದು. ನಾನು ಗೋಡೆಗೆ ಅಂಟಿಕೊಂಡು, ಬಾಯಿಗೆ ಸೆರಗು ಹಿಡಿದು ಕೂರುವವಳು.

ಗೌರಿ, ಆಗ ನೀನು ಎರಡು ತಿಂಗಳ ಕೂಸು. ಕಾಲು ಚಾಚಿ ಕುಳಿತು, ನಿನ್ನನ್ನು ಅದರ ಮೇಲೆ ಮಲಗಿಸಿಕೊಂಡು ನೀರು ಎರೆದು ಮೈ ತೊಳೆಯಬೇಕಾದವಳು ನಿನ್ನ ಅಜ್ಜಿಯಾದ ನಾನು. ಆದರೆ ಬೆನ್ನಲ್ಲಿ ಚಳಕು ಬಂದರೆ ನನ್ನ ಕೈಗಳು ಹಿಡಿದದ್ದನ್ನು ಬಿಟ್ಟುಬಿಡುತ್ತಿದ್ದವು. ಎಣ್ಣೆ ಹಚ್ಚಿದ ಕೂಸು ಜಾರಿ ಬಚ್ಚಲ ಕಲ್ಲಿಗೆ ಬಿದ್ದರೆ? ನಿನ್ನ ಅವ್ವನಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ನೆಗಡಿಯ ನೆವ ಹೇಳಿ ಪಕ್ಕದ ಮನೆಯಾಕೆಯನ್ನು ಕರೆಸುತ್ತಿದ್ದೆ.

"ಅಂಜಿಕೊಂಡು ಏನೇನು ಮಾಡೂದು ಬಿಟ್ಟೀರಿ?" ಎಂದು ಮೇಡಂ ಒಂದು ದಿನ ಎಲ್ಲರನ್ನೂ ಕೇಳಿದರು. ನನ್ನ ಸರದಿ ಬಂದಾಗ ಮೆಲ್ಲಗೆ ಹೇಳಿದೆ. ಗಂಗವ್ವ ತನ್ನ ನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕಾಲ ಮೇಲೆ ಇಟ್ಟಳು.

"ತಗೋ ತಂಗಿ, ನಿನ್ನ ಮೊಮ್ಮಗಳು. ಎರಿ."

ತಂಬಿಗೆಯಿಂದ ನೀರು ಹಾಕುವವಳಂತೆ ಬಗ್ಗಿದೆ. ಚಳಕು ಬಂತು. ಬಾಟಲಿ ಉರುಳಿ ಬಿದ್ದು ಮುಚ್ಚಳ ಕಳಚಿ, ನೀರೆಲ್ಲ ನೆಲದ ಮೇಲೆ ಹರಿಯಿತು. ಯಾರೂ ನಗಲಿಲ್ಲ.

"ನೋಡಿದ್ಯಲ್ಲ ಅಕ್ಕಾ," ಎಂದೆ.

"ನೋಡಿದೆ. ಕೈ ಬಿಟ್ಟು ನೀರು ಹಾಕಾಕ ಹೋದಿ, ಬಿತ್ತು. ನೀರು ನಿನ್ನ ಮಗಳು ಹಾಕಲಿ. ನೀ ಎರಡೂ ಕೈ ಕೂಸಿನ ಮ್ಯಾಲ ಇಡು. ಎಲ್ಲಾ ನಾನ ಮಾಡ್ತೇನಿ ಅನ್ನಾಕ ನೀ ಏನ್ ಪೈಲವಾನನ?"

ಮೇಡಂ ಹೌದೆಂದರು. ಬೆನ್ನಿಗೆ ಗೋಡೆ ಇರಲಿ, ಮೊದಲು ಬರೀ ಕೂರುವುದನ್ನು ರೂಢಿ ಮಾಡಿಕೊಳ್ಳಿ ಎಂದರು. ಒಂದು ತಿಂಗಳು ಹಾಗೆ ಮಾಡಿದ ಮೇಲೆ, ಗಂಗವ್ವ ತಾನಾಗಿಯೇ ನಮ್ಮ ಮನೆಗೆ ಬಂದಳು.

ಬಚ್ಚಲಲ್ಲಿ ನಿನ್ನನ್ನು ಕಾಲ ಮೇಲೆ ಹಾಕಿಕೊಂಡೆ. ನಿನ್ನ ಅವ್ವ ನೀರು ಹಾಕಿದಳು. ನಡುವೆ ಚಳಕು ಬಂದೇ ಬಂತು.

"ಬಂತಕ್ಕಾ!"

"ಬರ್ಲಿ. ಉಸರು ಬಿಡು. ಕೂಸಿನ ಕಡೆ ನೋಡು."

ನೀನು ಕಿರುಚುತ್ತಿದ್ದೆ. ನನ್ನ ಕೈ ಬಿಡಲಿಲ್ಲ. ಆಗ ಕಂಡಿತು, ಗಂಗವ್ವ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ನೀನು ಜಾರಿದರೆ ಹಿಡಿಯಲು ಎರಡೂ ಕೈ ಚಾಚಿದ್ದಳು.

"ನಿನಗೂ ಅಂಜಿಕಿ ಐತೇನ ಅಕ್ಕಾ?"

"ಇಲ್ಲಂದ್ರ ಕೈ ಯಾಕ ಚಾಚತಿದ್ದೆ?"

ಚಹಾ ಕುಡಿದು ಸಂಜೆಯ ಬಸ್ಸಿಗೆ ಹೋದಳು. ಮುಂದಿನ ಮಂಗಳವಾರಗಳಿಗೆ ಬರಲಿಲ್ಲ, ಮತ್ತೆ ನಾನು ಆಕೆಯನ್ನು ಕಾಣಲಿಲ್ಲ. ಆ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳೆಂದು ಮೇಡಂ ಹೇಳಿದರು.

ನನ್ನ ನೋವು ಹೋಗಿಲ್ಲ, ಅಂಜಿಕೆಯೂ ಹೋಗಿಲ್ಲ. ಗೌರಿ, ಈಗ ನಿನಗೊಬ್ಬ ತಮ್ಮ ಹುಟ್ಟಿದ್ದಾನೆ. ನಾಳೆಯಿಂದ ಅವನಿಗೆ ನಾನೇ ಎರೆಯುತ್ತೇನೆಂದು ನಿನ್ನ ಅವ್ವನಿಗೆ ಹೇಳಿದ್ದೇನೆ. ಅವನ ಕೆಳಗೆ ಗಂಗವ್ವನ ಆ ಕೈಗಳು ಇರುವುದಿಲ್ಲ.