ದಿನಸಿ ಪಟ್ಟಿಯಲ್ಲಿದ್ದ ಏಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಹೂಂ ಎನ್ನುತ್ತಾ ಅವರೆಕಾಯಿ ಸುಲಿಯುತ್ತಿದ್ದವಳು ನಾನು. ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆಂದಲ್ಲ, ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ, ಅಷ್ಟೆ.

ಚಳ್ಳಕೆರೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನವರ ರಿಪೇರಿ ಅಂಗಡಿ. ಎಣ್ಣೆ ಮಿಲ್ಲಿನ ಮೋಟಾರು ಓಡಿಸುವ ಬೋರ್ಡುಗಳು ಅಲ್ಲಿಗೆ ಬರುತ್ತವೆ. ಅವರ ಅಕ್ಷರ ಅವರಿಗೇ ತಿಳಿಯದು. ಹಾಗಾಗಿ ಲೆಕ್ಕ ಹೇಳುವುದು ಅವರು, ಕಾನ್ವೆಂಟಿನಲ್ಲಿ ತಿದ್ದಿದ ದುಂಡಕ್ಷರದಲ್ಲಿ ಬರೆಯುವುದು ನಾನು. ಅರ್ಥ ಮಾತ್ರ ನನಗೆ ಅಷ್ಟಕ್ಕಷ್ಟೆ.

ಆ ಬುಧವಾರ ಬಂದ ಬೋರ್ಡು ಎರಡು ದಿನದಲ್ಲಿ ಎರಡು ಸಲ ಸುಟ್ಟುಹೋಗಿತ್ತು. ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚುಗಳು ಅದರಲ್ಲಿ ಜೋಡಿಯಾಗಿರುತ್ತವೆ. ಮೇಲಿನ ಸ್ವಿಚ್ಚಿಗೆ ಬಲ ಕೊಡುವ ಪುಟ್ಟ ಕೆಪಾಸಿಟರಿಗೆ ಕರೆಂಟು ತುಂಬಿಸುವ ಬಿಡಿಭಾಗ ಬೂಟ್‌ಸ್ಟ್ರ್ಯಾಪ್ ಡಯೋಡ್. ಸಾಯುತ್ತಿದ್ದದ್ದು ಅದೇ, ಜೊತೆಗೆ ಸ್ವಿಚ್ಚನ್ನೂ ಕರೆದುಕೊಂಡು.

"ಅದ್ರಾಗೆ ಹರಿಯೋದು ಬರೀ ಮಿಲಿಆಂಪಿಯರ್. ಯಾಕ್ ಸಾಯ್ತೈತೆ?" ಎಂದು ಇವರು ಮತ್ತೆ ಮತ್ತೆ ಕೂಡಿ ಕಳೆದರು.

ಉಳಿದಿದ್ದದ್ದು ಒಂದೇ ಜೊತೆ ಸ್ವಿಚ್ಚು. ಮಿಲ್ಲಿನ ಯಜಮಾನರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. "ಏನಪ್ಪಾ, ನಮ್ಮಜ್ಜನ ಗಾಣದೆತ್ತೂ ಇಷ್ಟು ಸಲ ಮಲಗಿರ್ಲಿಲ್ಲ. ಇವತ್ತೂ ಸುಟ್ರೆ ಬಳ್ಳಾರಿಗೇ ರಿಪೇರಿಗೆ ಕೊಟ್ಬಿಡ್ತೀನಿ" ಎಂದು ನಕ್ಕರು. ಇವರು ಉಳಿದಿದ್ದ ಆ ಜೊತೆಯನ್ನು ಬೋರ್ಡಿಗೆ ಬೆಸೆದರು.

ಚಹಾಕ್ಕೆ ಬೆಲ್ಲ ಮುಗಿದಿತ್ತು. ಬರೆದಿಡೋಣವೆಂದು ದಿನಸಿ ಪುಸ್ತಕ ತೆರೆದೆ. ಹಿಂದಿನ ವಾರದ ಪಟ್ಟಿಯಲ್ಲಿ, ಹುಣಸೆಹಣ್ಣಿಗೂ ಸೀಗೆಕಾಯಿಗೂ ನಡುವೆ, ನನ್ನದೇ ದುಂಡಕ್ಷರದಲ್ಲಿ ಒಂದು ಸಾಲು: "15 − 1 = 14. 14 ÷ 2 = 7. ಖಾಲಿ ಇರುವಾಗ."

"ರೀ, ಇದೇನು ನೋಡ್ರಿ."

ಬೋರ್ಡಿಗೆ ಕರೆಂಟು ಕೊಡಲು ಚಾಚಿದ್ದ ಇವರ ಕೈ ನಿಂತಿತು. "ಹದಿನೈದು ವೋಲ್ಟು. ಡಯೋಡಿಗೆ ಒಂದು ಹೋತು. ಕರೆಂಟು ತಡೆಯೋ ರೆಸಿಸ್ಟರ್ ಎರಡು ಓಮ್. ಅಯ್ಯೋ, ನಾನು ಮೋಟಾರು ಓಡುವಾಗಿಂದು ಮಾತ್ರ ಲೆಕ್ಕ ಹಾಕಿದ್ನಲ್ಲೇ! ಕೆಪಾಸಿಟರ್ ಖಾಲಿ ಇದ್ದಾಗ ಮೊದಲನೇ ಏಟಿಗೆ ಏಳು ಆಂಪಿಯರ್ ನುಗ್ತೈತೆ. ಈ ಡಯೋಡ್ ಅಷ್ಟು ತಡೆಯಲ್ಲ."

ರೆಸಿಸ್ಟರನ್ನು ಹತ್ತು ಓಮಿಗೆ ಏರಿಸಿ, ಗಟ್ಟಿ ಡಯೋಡ್ ಹಾಕಿದರು. ಮೋಟಾರು ಗುಂಯ್ ಎಂದು ತಿರುಗಿತು. "ಎತ್ತು ಎದ್ದೈತೆ" ಎಂದು ಯಜಮಾನರು ಕುರ್ಚಿ ಬಿಟ್ಟೆದ್ದರು.

"ಯಾರೇ ಹೇಳಿದ್ದು ನಿಂಗೆ?" ಎಂದು ಇವರು ಕೇಳಿದರು. ಯಾರೂ ಇಲ್ಲ. ಹಳೆಯ ಲೆಕ್ಕದ್ದಿರಬಹುದೆಂದು ಎಲ್ಲ ಪುಸ್ತಕ ತಿರುವಿದೆವು. ಹಾಗೊಂದು ಲೆಕ್ಕ ಎಲ್ಲೂ ಇರಲಿಲ್ಲ. ಬೋರ್ಡು ಬಂದ ಮೇಲೆ ನಾನೇ ಬರೆದು ಮರೆತಿರಬಹುದು ಎಂದುಕೊಂಡರೆ ಅದಕ್ಕೂ ದಾರಿಯಿಲ್ಲ. ದಿನಸಿ ಅಂಗಡಿಯವರು ಒಂದೊಂದು ಸಾಮಾನು ಕಟ್ಟಿದಂತೆಲ್ಲ ನೀಲಿ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾರೆ. ಆ ಸಾಲಿನ ಪಕ್ಕದಲ್ಲೂ ಗೀಟಿತ್ತು; ಅಂದರೆ ಬೋರ್ಡು ಬರುವ ಮೊದಲೇ ಅದು ಪಟ್ಟಿಯಲ್ಲಿತ್ತು.

ಬೆಲ್ಲ ತರಲು ಹೋದಾಗ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ನಂದೇ ಗೀಟು. ಸಾಮಾನು ಕೊಡ್ದೆ ನಾನು ಗೀಟು ಹಾಕಲ್ಲಕ್ಕಾ" ಎಂದರು.

ಹಿಂದಿನ ವಾರ ಆ ಸಾಲಿಗೆ ಅವರು ಏನು ಕೊಟ್ಟರೋ, ನಾನು ಏನು ತಂದೆನೋ. ಪುಸ್ತಕ ಇನ್ನೂ ಅಡುಗೆಮನೆಯಲ್ಲಿದೆ.