ಪಿಸುಮಾತು ಬಾರದ ಶಾಂತಾ ಮೇಡಂ

ಶಾಂತಾ ಮೇಡಂಗೆ ಪಿಸುಮಾತು ಬರುತ್ತಿರಲಿಲ್ಲ. ಮಸ್ಕಿ ಬಸ್ಸಿನಲ್ಲಿ ಅವರು ಟಿಕೆಟ್ ಕೇಳಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರು ಎದ್ದು ಚೀಲ ತಡಕುತ್ತಿದ್ದರು. ಸಿಂಧನೂರಿನ ನಮ್ಮ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕಿ. ವರ್ಷವರ್ಷವೂ ಪಟ್ಟಿಯಲ್ಲಿ ಹೆಸರು ಬಂದರೆ ಕೆಲಸ, ಇಲ್ಲವಾದರೆ ಮನೆ. ಅಂಥವರು ಮೆಲ್ಲಗೆ ಮಾತಾಡುವುದೇ ರೂಢಿ. ಇವರು ಬಿಬಿಎ ತರಗತಿಯಲ್ಲಿ ಪಾಠ ಹೇಳಿದರೆ ಅಂಗಳದ ಬೇವಿನ ಮರದ ಕೆಳಗೆ ಕೂತವರೂ ಹಾಜರಿ ಹಾಕಿಸಿಕೊಳ್ಳಬಹುದಿತ್ತು.

ನಾನು ತುರ್ವಿಹಾಳದವನು. ಹಳೇ ಬೈಕು ಕೊಂಡು ಮಾರಿ ಓದಿನ ಖರ್ಚು ನಾನೇ ದುಡಿದುಕೊಳ್ಳುತ್ತಿದ್ದೆ. ಚೌಕಾಶಿ ನನಗೆ ಊಟದಷ್ಟೇ ರುಚಿ. ಕೊನೆಯ ವರ್ಷ ದೂರದ ಎಂಬಿಎ ಕಾಲೇಜೊಂದರ ಏಜೆಂಟ್ ತರಗತಿಗೇ ಬಂದು ಬಣ್ಣದ ಹಾಳೆ ಹಂಚಿದ. ಬಿಬಿಎ ಆದಮೇಲೆ ಎಂಬಿಎ ಬಿಟ್ಟರೆ ದಾರಿಯೇ ಇಲ್ಲ ಎಂದ. ನಾನು ಎದ್ದು ಶುಲ್ಕ ಜಗ್ಗಿ ಇಳಿಸಿದೆ. ಲ್ಯಾಪ್‌ಟಾಪ್ ಸೇರಿಸಿದೆ, ಹಾಸ್ಟೆಲ್ ಪುಕ್ಕಟೆ ಮಾಡಿಸಿದೆ. ಹುಡುಗರು ಸಿಳ್ಳೆ ಹೊಡೆದರು. ಸಹಿಗೆ ಪೆನ್ನು ತೆಗೆದಿದ್ದೆ.

"ಲೇ ಮಲ್ಲೇಶಿ, ಕುಂದ್ರು" ಎಂದರು ಮೇಡಂ ಬಾಗಿಲಿಂದ. "ರೇಟ್ ಇಳಿಸಾಕತ್ತೀಯಲ್ಲ, ಮಾಲು ಯಾವುದಂತ ನೋಡೀಯೇನು? ಮಾಲು ನೀನ! ನಿಮ್ಮ ಒಬ್ಬೊಬ್ಬರ ತಲಿ ಮ್ಯಾಲ ನನಗ ಕಮಿಷನ್ ಕೊಡ್ತೀನಿ ಅಂತ ಒಳಗ ಬರೂ ಮುಂದ ವರಾಂಡದಾಗ ಇವ್ರು ಕಿವ್ಯಾಗ ಹೇಳ್ಯಾರ. ಹೌದಲ್ರೀ ಸರ? ಇನ್ನೊಮ್ಮಿ ಹೇಳ್ರಿ, ಎಲ್ಲಾರೂ ಕೇಳ್ಲಿ."

"ಅದು ಆಫೀಸ್ ವಿಷಯ ಮೇಡಂ..."

"ಹಂಗಾದ್ರ ಕ್ಲಾಸಿಗ್ಯಾಕ ಬಂದ್ರಿ?"

ಏಜೆಂಟ್ ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ. ಕುದುರಿದ ವ್ಯಾಪಾರ ಮುರಿದ ಸಿಟ್ಟು ನನಗೆ. "ಹಂಗಾದ್ರ ಏನ್ ಓದ್ಲಿ, ನೀವ ಹೇಳ್ರಿ" ಎಂದೆ.

"ಹೇಳಿದ್ರ ನಾನೂ ದಲ್ಲಾಳಿನ ಆದೆ. ಡಿಗ್ರಿ ಹೆಸರು ಕೇಳಬ್ಯಾಡ. ಅದನ್ನ ಓದಿದವ್ರ ಮಧ್ಯಾಹ್ನ ಹೆಂಗೈತಿ, ಹೋಗಿ ನೋಡು. ಮುಂಜಾನಿ ಎಲ್ಲಾರೂ ಚಂದ ಕಾಣ್ತಾರ."

ಹೋದೆ. ಎಂಬಿಎ ಮಾಡಿದ ಗೆಳೆಯ ಫೈನಾನ್ಸ್ ಕಚೇರಿಯಲ್ಲಿ ಗಡಿಯಾರ ನೋಡುತ್ತಿದ್ದ. ಎಂ.ಕಾಂ. ಮಾಡಿದ ಅಕ್ಕನೊಬ್ಬಳು ಲೆಕ್ಕ ತಾಳೆಯಾದಾಗ ಒಬ್ಬಳೇ ನಗುತ್ತಿದ್ದಳು. ಆ ಖುಷಿ ನಿಜ, ಆದರೆ ನನ್ನದಲ್ಲ. ಲಿಂಗಸುಗೂರಿನ ಕೋರ್ಟಿನಲ್ಲಿ ವಕೀಲರೊಬ್ಬರು ಸುಡುಬಿಸಿಲಲ್ಲೂ ಕರಿಕೋಟು ತೊಟ್ಟು, ಹೊಲದ ದಾರಿಯೊಂದಕ್ಕಾಗಿ ಜಿದ್ದಿಗೆ ಬಿದ್ದು ವಾದಿಸುತ್ತಿದ್ದರು. ಅಂದು ನಾನು ಊಟವನ್ನೇ ಮರೆತೆ. ರಾಯಚೂರಿಗೆ ಹೋಗಿ ಎಲ್‌ಎಲ್‌ಬಿ ಸೇರಿದೆ. "ಮೂರು ವರ್ಷ ದಂಡ" ಎಂದರು ಊರವರು. ಅನ್ನಲಿ. ನೀವೂ ಮಗನನ್ನೋ ಮಗಳನ್ನೋ ಯಾವುದಕ್ಕಾದರೂ ಸೇರಿಸುವ ಮುಂಚೆ ಒಂದು ಮಧ್ಯಾಹ್ನ ಖರ್ಚು ಮಾಡಿ. ಅಷ್ಟು ಅಗ್ಗದ ಮಾಲು ಬೇರೆ ಸಿಗದು.

ಮರುವರ್ಷದ ಪಟ್ಟಿಯಲ್ಲಿ ಮೇಡಂ ಹೆಸರಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನಾನು ಲಿಂಗಸುಗೂರಿನಲ್ಲಿ ವಕೀಲಿ ಹಿಡಿದ ಮೇಲೆ ಮಸ್ಕಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕಲಬುರಗಿ ಕಡೆಯ ಕಾಲೇಜಿಗೆ ಹೊರಟಿದ್ದರು. ಅಲ್ಲಿಯೂ ಅತಿಥಿಯೇ.

"ಅವತ್ತು ಬಾಯಿ ಮುಚ್ಚಿಕೊಂಡಿದ್ರ ಕೆಲಸ ಉಳೀತಿತ್ತಲ್ರಿ ಮೇಡಂ."

"ಉಳೀತಿತ್ತಪಾ. ಬಾಯಿ ಮುಚ್ಚಿಕೊಂಡು ಪಾಠ ಹೆಂಗ ಹೇಳ್ಲಿ?"

ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹೊರಹಾಕಿ ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದರು: "ಮಲ್ಲೇಶಿ, ಮಧ್ಯಾಹ್ನ ಹೆಂಗದಾವೋ?"

"ಭಾಳ ಚಲೋ ಅದಾವ್ರಿ!"

ಆಮೇಲೆ ಅವರನ್ನು ಕಂಡಿಲ್ಲ. ಆದರೆ ಪರೀಕ್ಷೆ ಮುಗಿಯುವ ಹೊತ್ತಿಗೆ ಈಗಲೂ ಏಜೆಂಟರು ಬರುತ್ತಾರೆ, ನನ್ನ ಕಚೇರಿ ಗೋಡೆಗೆ ಬ್ಯಾನರ್ ಕಟ್ಟಲು. ಕುರ್ಚಿ ಎಳೆದು ನನ್ನ ಕಿವಿಯತ್ತ ಬಾಗುತ್ತಾರೆ. ಹೊರಗೆ ಕಕ್ಷಿದಾರರು ಕೂತಿರುತ್ತಾರೆ.

"ಜೋರಾಗಿ ಹೇಳ್ರಿ" ಎನ್ನುತ್ತೇನೆ. "ನನಗ ಕಿವಿ ಮಂದ."