ಕೇಳದೆ ಬಿಚ್ಚಿದ ಸ್ಪ್ರಿಂಗುಗಳು

ಆ ಕೆಂಪು ಕಾರನ್ನು ಕೊಂಡಿದ್ದು ಗುಂಡ್ಲುಪೇಟೆಯ ಒಬ್ಬ ಮಲಯಾಳಿ ವ್ಯಾಪಾರಿಯಿಂದ. ನೋಡಲು ಸಣ್ಣ ಕಾರು, ಒಳಗೆ ಮಾತ್ರ ಟರ್ಬೊ ಎಂಜಿನ್. ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ. ಓಡಿಸಿ ನೋಡಿ ಎಂದು ಆತ ಕೀಯನ್ನು ನನ್ನ ಗಂಡನ ಕೈಗೆ ಕೊಟ್ಟ. ಕೊಳ್ಳುವವಳು ನಾನು ಎಂದೆ. ಆತ ನಕ್ಕ. ನನ್ನ ಗಂಡನೂ ನಕ್ಕರು.

ನಾನು ಚಾಮರಾಜನಗರದಿಂದ ದಿನಾ ಉಮ್ಮತ್ತೂರಿನ ಕಡೆಯ ಶಾಲೆಗೆ ಹೋಗುವ ಆಟದ ಮೇಡಂ. ಮೊಣಕಾಲು ಸವೆದು ಓಟ ನಿಂತುಹೋಗಿತ್ತು, ಓಡುವ ಆಸೆ ನಿಂತಿರಲಿಲ್ಲ. ಹಿಂದಿನ ಯಜಮಾನ ಕಾರನ್ನು ಚೆನ್ನಾಗಿ ಹಾಳು ಮಾಡಿದ್ದ. ಕ್ಲಚ್ ಸುಟ್ಟಿತ್ತು, ಆಯಿಲ್ ಡಾಂಬರಿನ ಹಾಗಿತ್ತು. ಒಂದೊಂದಾಗಿ ಸರಿ ಮಾಡಿಸಿದೆ. ಆಮೇಲೆ ಅಗಲದ ಟೈರು ಹಾಕಿಸಿ, ಮೈಸೂರಿನಲ್ಲಿ ಹುಡುಕಿ ಗಟ್ಟಿಯಾದ, ಗಿಡ್ಡ ಸ್ಪ್ರಿಂಗುಗಳನ್ನು ತಂದು ಹಾಕಿಸಿದೆ. ತಿರುವಿನಲ್ಲಿ ಕಾರು ನೆಲ ಕಚ್ಚಿಕೊಂಡು ಹೋಗುತ್ತಿತ್ತು.

ಒಂದು ಶನಿವಾರ ಬ್ರೇಕ್ ಕೆಲಸಕ್ಕೆಂದು ಗುಂಡ್ಲುಪೇಟೆಯ ಗ್ಯಾರೇಜಿನಲ್ಲಿ ಬಿಟ್ಟು ಬಂದೆ. ಮರುದಿನ ತೆಗೆದುಕೊಂಡು ಹೊರಟರೆ, ತೆರಕಣಾಂಬಿಗೆ ಮೊದಲೇ ಒಂದು ತಿರುವಿನಲ್ಲಿ ಕಾರು ದೋಣಿಯಂತೆ ವಾಲಿತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್. ಹೇಗೋ ತಪ್ಪಿಸಿದೆ. ಇಳಿದು ಚಕ್ರದ ಸಂದಿಯಲ್ಲಿ ಬಗ್ಗಿ ನೋಡಿದರೆ ನನ್ನ ಸ್ಪ್ರಿಂಗುಗಳೇ ಇಲ್ಲ.

ವಾಪಸ್ ಹೋದೆ. ಗ್ಯಾರೇಜಿನವನು ಟೀ ಕುಡಿಯುತ್ತಿದ್ದ.

"ನಿಮ್ಮನೆ ಸಾರು ಫೋನ್ ಮಾಡಿದ್ರು ಮೇಡಂ. ಅವ್ರ ಅಮ್ಮಾರ್ಗೆ ಸೊಂಟ ನೋಯ್ತದಂತೆ. ಅದ್ಕೆ ಮೆತ್ಗಿರೋವು ಹಾಕ್ಬುಟ್ಟೆ."

"ಕಾರು ಯಾರ್ದು?"

"ನಿಮ್ದೇಯ. ಆದ್ರೂ ಸಾರು ಏಳ್ದ ಮೇಲೆ…"

"ನನ್ನವು ಎಲ್ಲಿ?"

ಭೀಮನಬೀಡಿನ ಒಬ್ಬ ಗಿರಾಕಿಗೆ ಕೊಟ್ಟುಬಿಟ್ಟಿದ್ದ. ನಾನು ಬಾಗಿಲು ತೆಗೆದು ಹತ್ತು ಎಂದೆ. ಹತ್ತಿದ. ಆ ಕಿರಿದಾದ ರಸ್ತೆಯಲ್ಲಿ ನಾನು ಎಂದಿನಂತೆಯೇ ಓಡಿಸಿದೆ. ಪ್ರತಿ ತಿರುವಿಗೂ ಆತ ಬಾಗಿಲಿಗೆ ಹೋಗಿ ಬೀಳುತ್ತಿದ್ದ.

"ವಸಿ ನಿದಾನ್ವಾಗಿ ಓಗಿ ಮೇಡಂ."

"ಯಾಕೆ? ಮೆತ್ಗಿಲ್ವಾ?"

ಆತ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡ. ಪುಣ್ಯಕ್ಕೆ ಆ ಗಿರಾಕಿ ಸ್ಪ್ರಿಂಗುಗಳನ್ನು ಇನ್ನೂ ಹಾಕಿರಲಿಲ್ಲ. ಕೊಟ್ಟಿಗೆಯ ಮೂಲೆಯಿಂದ ತಂದುಕೊಟ್ಟು, ನನ್ನ ಮುಖ ನೋಡಿ ಒಳಗೆ ಹೋದ. ವಾಪಸ್ ಬಂದು ನನ್ನೆದುರಿಗೇ ಹಾಕಿಸಿದೆ. ಒಂದೊಂದು ಬೋಲ್ಟನ್ನೂ ನಿಂತು ನೋಡಿದೆ, ಮೊಣಕಾಲು ಎಷ್ಟು ನೊಂದರೂ ಕೂರಲಿಲ್ಲ.

ಮನೆಗೆ ಬಂದವಳೇ ಅತ್ತೆಯನ್ನು ಕೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು.

"ನನ್ ಸೊಂಟ್ವಾ? ನಾ ಯಾವತ್ತಂದೆ ಕಣಮ್ಮಿ? ಆ ಕಾರ್ನಲ್ಲಿ ನಾ ಕೂತಿರೋದೇ ಒಂದ್ಸಲ."

ಇಷ್ಟು ಹೊತ್ತು ಇದ್ದದ್ದು ಸಿಟ್ಟೇ ಅಲ್ಲ, ಈಗ ಬಂದದ್ದು ಸಿಟ್ಟು ಎನಿಸಿತು. ಗಂಡ ಟಿವಿ ನೋಡುತ್ತಿದ್ದರು. ಅಮ್ಮನ ಹೆಸರಲ್ಲಿ ಯಾಕೆ ಸುಳ್ಳು ಹೇಳಿದಿರಿ ಎಂದೆ. ಟಿವಿಯಿಂದ ಕಣ್ಣು ತೆಗೆಯದೆ ಬಾಯಿಬಿಟ್ಟರು.

"ನಾನು ಕೆಲ್ಸ ಮಾಡೋ ಹರವೆ ಸರ್ಕಲ್ನಲ್ಲಿ ಆಡ್ಕೋತಾರೆ. 'ನಿನ್ನೆಂಡ್ರು ರೇಸ್ ಬುಡ್ತಾಳೆ ಕಣ್ಲಾ' ಅಂತ. ಸ್ಪ್ರಿಂಗ್ ಮೆತ್ಗಿದ್ರೆ ನಿಧಾನ್ವಾಗಿ ಓಡಿಸ್ತೀಯ ಅಂದ್ಕೊಂಡೆ. ನಾನು ತಲೆ ಎತ್ಕೊಂಡು ಓಡಾಡ್ಬೇಕೋ ಬೇಡ್ವೋ?"

"ಆ ತಿರುವಿನಲ್ಲಿ ನಾನು ಟ್ರ್ಯಾಕ್ಟರ್ ಅಡಿಗೆ ಹೋಗಿದ್ರೆ ನಿಮ್ಮ ತಲೆ ಎತ್ತಿರ್ತಿತ್ತಾ?"

ಅವರು ಟಿವಿಯ ಸದ್ದು ಕಡಿಮೆ ಮಾಡಿದರು. ತಪ್ಪಾಯಿತು ಎನ್ನಲಿಲ್ಲ. ಇಂದಿಗೂ ಅಂದಿಲ್ಲ.

ಆ ಗ್ಯಾರೇಜಿಗೆ ಮತ್ತೆ ಹೋಗಿಲ್ಲ. ಈಗ ಕೆಲಸವಿದ್ದರೆ ನಂಜನಗೂಡಿಗೆ ಒಯ್ಯುತ್ತೇನೆ, ಮುಗಿಯುವವರೆಗೂ ಅಲ್ಲೇ ಇರುತ್ತೇನೆ. ಗಂಡ ಹರವೆಗೆ ಬಸ್ಸಿನಲ್ಲಿ ಹೋಗುತ್ತಾರೆ. ಕಾರಲ್ಲಿ ಬಿಡಲೇ ಎಂದು ನಾನು ಕೇಳುವುದಿಲ್ಲ.